ಲಂಡನ್ನಿಗೆ ಹೋದ ಅಣ್ಣಾಸಾಹೇಬರು

ಎಲ್ಲದಕ್ಕೂ ಕಾರಣ ಒಂದು ಹಲ್ಲಿ.

ಬನಹಟ್ಟಿಯ ಮೂರುಕೈ ಓಣಿಯ ನೇಕಾರರ ಸಂಘದಲ್ಲಿ, ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆಗೆ, ಸಂಸ್ಥಾಪಕ ಅಣ್ಣಾಸಾಹೇಬರ ಫೋಟೋ ನಲವತ್ತು ವರ್ಷದಿಂದ ತೂಗುತ್ತಿತ್ತು. ಫೋಟೋದ ಹಿಂದೆ ಹಲ್ಲಿಯ ಸಂಸಾರ. ಸೋಮವಾರ ಸಂಘದ ಗುಮಾಸ್ತ ಗುರುಸಿದ್ದ ಅದನ್ನು ಓಡಿಸಲೆಂದು ಕೈಗೆ ಸಿಕ್ಕ ನಡಾವಳಿ ಪುಸ್ತಕವನ್ನೇ ಬೀಸಿದ. ಹಲ್ಲಿ ಪಾರಾಯಿತು. ಗಾಜು ಮಾತ್ರ ಮೂಲೆಯಿಂದ ಮೂಲೆಗೆ ಸೀಳಿತು.

ಬೇರೆ ವಾರವಾಗಿದ್ದರೆ ಅದು ದೊಡ್ಡ ಸಂಗತಿಯಲ್ಲ. ಆದರೆ ಬರುವ ಶನಿವಾರವೇ ಸಂಘಕ್ಕೆ ಎಪ್ಪತ್ತೈದು ತುಂಬುವ ಸಮಾರಂಭ. ಅದೇ ವೇದಿಕೆಯಲ್ಲಿ ಹೊಸ ಕಾರ್ಯದರ್ಶಿಯ ಹೆಸರು ಹೇಳುವುದಿತ್ತು. ಇಪ್ಪತ್ತೆರಡು ವರ್ಷ ಗುಮಾಸ್ತನಾಗಿಯೇ ಸವೆದ ಗುರುಸಿದ್ದನಿಗೆ ಈ ಸಲ ಆ ಕುರ್ಚಿ ಎಂದು ಅಧ್ಯಕ್ಷ ಹೊಳಬಸಪ್ಪನವರು ಬಾಯಿಬಿಟ್ಟು ಹೇಳಿದ್ದರು. ಹೇಳಿ, ಬಾಲ ಒಂದನ್ನು ಅಂಟಿಸಿದ್ದರು.

"ಕಾರ್ಯಕ್ರಮ ಸುಸೂತ್ರ ಆಗಬೇಕ ನೋಡು. ಅಣ್ಣಾಸಾಹೇಬರ ಮಗಳು ರತ್ನಾಬಾಯಾರು ಇಚಲಕರಂಜಿಯಿಂದ ಮೊದಲನೇ ಸಲ ಬರಾಕತ್ತಾರ. ಒಂದ ಸಣ್ಣ ಲೋಪ ಆತಂದ್ರೂ ಆ ಕುರ್ಚಿ ಮರತ ಬಿಡು."

ಗುರುಸಿದ್ದ ಯಾರಿಗೂ ಹೇಳದೆ ಫೋಟೋ ಇಳಿಸಿ, ಜಮಖಂಡಿಯ ಬಾಳುವಿನ ಅಂಗಡಿಗೆ ಒಯ್ದು, ಹೊಸ ಗಾಜು ಹಾಕಲು ಕೊಟ್ಟು ಬಂದ. ಶುಕ್ರವಾರ ಸಂಜೆ ಬಾಳು ಪೇಪರಿನಲ್ಲಿ ಸುತ್ತಿ, ದಾರ ಬಿಗಿದು ಕೈಗಿಟ್ಟ. ಬಿಚ್ಚಿ ನೋಡಬಹುದಿತ್ತು. ಕಟ್ಟಿದ್ದನ್ನು ಬಿಚ್ಚಿದರೆ ಮತ್ತೆ ಕಟ್ಟಬೇಕಲ್ಲ ಎಂದು ಗುರುಸಿದ್ದ ಅದನ್ನು ಹಾಗೇ ಕಪಾಟಿನಲ್ಲಿಟ್ಟು ಮನೆಗೆ ಹೋದ. ಮನುಷ್ಯನ ಸೋಮಾರಿತನಕ್ಕೂ ಒಂದು ಮುಹೂರ್ತ ಇರುತ್ತದೆ.

ಆ ಫೋಟೋದ ಮೇಲೆ ಅವನಿಗೆ ಭಕ್ತಿಯಿತ್ತು ಎಂಬುದು ಸುಳ್ಳಲ್ಲ. ಕರಿ ಮೀಸೆ, ದೊಡ್ಡ ರುಮಾಲು, ಮುಖದ ತುಂಬ ಗತ್ತು. ವರ್ಷಕ್ಕೊಮ್ಮೆ ಸಂಘದ ಹುಟ್ಟುಹಬ್ಬಕ್ಕೆ ಕೈಯಾರೆ ಮಾಲೆ ಹಾಕುವವನು ಅವನೇ. ಆದರೆ ಆ ಕಣ್ಣುಗಳನ್ನು ನೋಡಿದಾಗಲೆಲ್ಲ ಯಾಕೋ ಹೆಣ್ಣು ಕೊಟ್ಟ ಅನಗವಾಡಿಯ ಮಾವ ನೆನಪಾಗುತ್ತಿದ್ದರು. 'ಇವನ ಕೈಲೆ ಏನಾಗತೈತಿ' ಎಂಬ ಅದೇ ನೋಟ. ಅದರಲ್ಲೇನು ವಿಶೇಷ, ತನ್ನನ್ನು ನೋಡುವ ಹಿರಿಯರೆಲ್ಲ ಹಾಗೇ ನೋಡುತ್ತಾರೆ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಶನಿವಾರ ಬೆಳಿಗ್ಗೆ ಸಂಘದ ಬಾಗಿಲು ತೆಗೆಯುವಷ್ಟರಲ್ಲಿ ತವರಿಗೆ ಹೋಗಿದ್ದ ಹೆಂಡತಿ ಶಿವಗಂಗವ್ವನ ಫೋನು ಬಂತು.

"ಏನ್ರಿ, ಅಪ್ಪನ ಜ್ವರ ಇಳದಿಲ್ಲ. ವರ್ಷಾ ವರ್ಷಾ ಇದ ಹೊತ್ತಿಗೆ ಬರತಾವ ನೋಡ್ರಿ, ತಾರೀಖ ಬರದ ಇಟ್ಟಂಗ. ಮುಧೋಳ ದವಾಖಾನಿಗೆ ಕರಕೊಂಡ ಹೊಂಟೀವಿ. ನೀವು ಬರತೀರೇನು?"

"ಇವತ್ತ ಸಂಘದ ಕಾರ್ಯಕ್ರಮ ಐತಲ್ಲ."

"ನನ್ನ ಅಪ್ಪಗ ಜ್ವರ ಬಂದಾಗೆಲ್ಲ ನಿಮ್ಮ ಸಂಘದ್ದ ಏನರೆ ಇರತೈತಿ ಬಿಡ್ರಿ. ತಮ್ಮ ಸಂಜು ಕಾರ ತಂದಾನ. ಅವನ ಕೂಡ ಹೋಗತೀವಿ." ಫೋನು ಇಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆಕೆ ಸಂಘದ ಮೆಟ್ಟಿಲು ಹತ್ತಿದವಳಲ್ಲ. ಗಂಡನ ಪಗಾರ ನೋಡಿದ ಮೇಲೆ ಆ ಕಟ್ಟಡ ನೋಡುವ ಆಸೆ ಉಳಿದಿಲ್ಲ ಎನ್ನುತ್ತಿದ್ದಳು.

ಗುರುಸಿದ್ದ ಕಪಾಟು ತೆಗೆದು, ದಾರ ಹರಿದು, ಪೇಪರು ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ.

ಒಳಗೆ ಅಣ್ಣಾಸಾಹೇಬರಿರಲಿಲ್ಲ. ಗಾಜಿನ ಛಾವಣಿಯ ಒಂದು ಭಾರೀ ಸಭಾಂಗಣವಿತ್ತು. ಕಬ್ಬಿಣದ ಕಂಬಗಳ ನಡುವೆ ಗಾಲಿ, ಸರಳು, ಕೊಳವೆಗಳ ಯಂತ್ರಗಳು ಸಾಲಾಗಿ ನಿಂತಿದ್ದವು. ಅವುಗಳ ಸುತ್ತ ಉದ್ದ ಟೊಪ್ಪಿಗೆಯ ಗಂಡಸರು, ಕಣಕಿಯ ಬಣವೆಯಷ್ಟು ಅಗಲದ ಲಂಗ ತೊಟ್ಟ ಹೆಂಗಸರು. ಒಬ್ಬೊಬ್ಬರೂ ಜೋಳದ ಕಾಳಿನಷ್ಟು ಗಾತ್ರ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು.

ಕಂಪ್ಯೂಟರ್ ಕೆಲಸದ ಕಾವೇರಿ ಬಗ್ಗಿ ಓದಿದಳು. "ಲಂಡನ್ನಿನ ದೊಡ್ಡ ಪ್ರದರ್ಶನ, ಯಂತ್ರಗಳ ವಿಭಾಗ, ಸಾವಿರದ ಎಂಟನೂರಾ ಐವತ್ತೊಂದು ಅಂತ ಐತ್ರಿ ಸರ್."

ಜವಾನ ಪರಸಪ್ಪ ಕತ್ತು ಚಾಚಿದ. ನಲವತ್ತು ವರ್ಷದ ನೌಕರಿ ಮುಗಿಸಿ ಮುಂದಿನ ತಿಂಗಳು ನಿವೃತ್ತನಾಗಲಿದ್ದವನು ಅವನು. "ಸಮೀರವಾಡಿ ಸಕ್ಕರಿ ಫ್ಯಾಕ್ಟರಿ ಕಂಡಂಗ ಕಾಣತೈತ್ರಿ. ನಮ್ಮ ಅಳ್ಯಾ ಅಲ್ಲೇ ಅದಾನ."

ಗುರುಸಿದ್ದ ಬಾಳುವಿಗೆ ಫೋನು ಹಚ್ಚಿದ.

"ಎರಡೂ ಒಂದ ಅಳತಿ ಇದ್ದುವ್ರಿ ಸಾಹೇಬ್ರ, ಒಂದ ನಮೂನಿ ಸುತ್ತಿದ್ದೆ," ಎಂದ ಬಾಳು, ತಪ್ಪು ಅಳತೆಯದೇ ಎಂಬಂತೆ. "ನಿಮ್ಮದು ಮುಧೋಳದ ವಿಜಯ ಅವರ ಕಡೆ ಹೋಗೇತಿ. ಹೊಸಾ ಹೋಟೆಲ್ ತಗದಾರ, ಗ್ವಾಡಿ ತುಂಬಾ ಹಳೇ ಚಿತ್ರ ಹಾಕಾಕತ್ತಾರ. ಇವತ್ತ ಪೂಜಿ ಐತಿ. ಲಗೂನ ಹೋದ್ರ ಸಿಗತೈತಿ."

ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಸಮಾರಂಭ ಹನ್ನೊಂದಕ್ಕೆ. ಗುರುಸಿದ್ದ ಕೈಯಲ್ಲಿದ್ದ ಚಿತ್ರವನ್ನು ವೇದಿಕೆಯ ಮೇಲೆ ಶಾಲು ಹಾಸಿದ್ದ ಕುರ್ಚಿಗೆ ಆನಿಸಿ, "ಪರಸಪ್ಪ, ನಾ ಬರೂದರಾಗ ಎಲ್ಲಾ ತಯಾರ ಇರಲಿ" ಎಂದು ಕೂಗಿ ಬೈಕು ಹತ್ತಿದ. ಆ ಒಂದು ಮಾತಿಗೆ ಮುಂದೆ ಎಷ್ಟು ಬೆಲೆ ತೆರಬೇಕಾಯಿತು ಎಂದು ಅವನಿಗೆ ಈಗಲೂ ಲೆಕ್ಕ ಸಿಕ್ಕಿಲ್ಲ.

ಮಹಾಲಿಂಗಪುರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡವಾಗಿ, ಮುಧೋಳ ಮುಟ್ಟುವಾಗ ಹತ್ತು ದಾಟಿತ್ತು. ದವಾಖಾನೆಯ ಮುಂದೆಯೇ ಹಾದುಹೋದ. ಇಣುಕಿ ಮಾವನನ್ನು ಮಾತಾಡಿಸೋಣವೆ ಎನ್ನಿಸಿತು. ಹೊತ್ತಿಲ್ಲ ಎಂದು ವೇಗ ಹೆಚ್ಚಿಸಿದ.

ಹೊಸ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ, ಗೋಡೆಯ ನಟ್ಟನಡುವೆ, ಅಣ್ಣಾಸಾಹೇಬರು ರಾರಾಜಿಸುತ್ತಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಮುಂದೆ ಊದಿನಕಡ್ಡಿ. ಗುರುಸಿದ್ದ ಎರಡೂ ಕೈ ಮುಗಿದ. ಅದು ದೇವರಿಗೋ ಫೋಟೋಕ್ಕೋ ಅವನಿಗೇ ತಿಳಿಯಲಿಲ್ಲ.

ಮಾಲೀಕ ವಿಜಯ ಸಮಾಧಾನದ ಮನುಷ್ಯ. ಎಲ್ಲವನ್ನೂ ಕೇಳಿಕೊಂಡು ತಲೆಯಾಡಿಸಿದ.

"ನಾನೂ ಮುಂಜಾನೆ ಬಿಚ್ಚಿ ನೋಡಿ ಗಾಬರಿ ಆದ್ನಿರಿ. ಯಂತ್ರ ಬರಬೇಕಾಗಿತ್ತು, ಹಿರಿಯರು ಬಂದಾರ. ಬಂದವರನ್ನ ಹೊರಗ ಇಡಾಕ ಬರತೈತೇನ್ರಿ? ನಮ್ಮವ್ವ ಪೂಜಿ ಮಾಡೇ ಬಿಟ್ಲು. ಮಂದಿ ಯಾರು ಅಂತ ಕೇಳಿದ್ರ ನಮ್ಮ ಮನಿ ಹಿರ್ಯಾ, ಮುತ್ತ್ಯಾ ಅಂತ ಹೇಳಾಕತ್ತೀನಿ."

"ಅವರು ನಮ್ಮ ಸಂಸ್ಥಾಪಕರ್ರಿ. ತೀರಿಕೊಂಡ ನಲವತ್ತ ವರ್ಷದ ಮ್ಯಾಲಾತು. ಇಪ್ಪತ್ತೆರಡ ವರ್ಷ ನಾನ ಈ ಕೈಲೆ ಮಾಲಿ ಹಾಕೀನಿ. ನಾನು ಬನಹಟ್ಟಿ ಗುರುಸಿದ್ದ, ಯಾರನ್ನ ಬೇಕಾದ್ರೂ ಕೇಳ್ರಿ. ದಯಮಾಡಿ ಇಳಿಸಿ ಕೊಡ್ರಿ."

"ಪೂಜಿ ಆದ ಫೋಟೋ ಸಂಜಿತನಕ ಇಳಸಾಕ ಬರೂದಿಲ್ರಿ. ನಮ್ಮವ್ವ ಒಪ್ಪೂದಿಲ್ಲ. ಇರಲಿ, ನನ್ನ ಯಂತ್ರದ ಚಿತ್ರ ತಂದೀರೇನು? ಅದನ್ನರೆ ಕೊಟ್ರ ಅವ್ವಗ ಹೇಳಿ ನೋಡತೀನಿ."

ಗುರುಸಿದ್ದ ತನ್ನ ಎರಡು ಖಾಲಿ ಕೈ ನೋಡಿಕೊಂಡ. ಬದಲಿಸಿಕೊಳ್ಳಲು ಬಂದವನು ಬದಲಿ ಕೊಡಬೇಕಾದದ್ದನ್ನೇ ಬನಹಟ್ಟಿಯಲ್ಲಿ ಬಿಟ್ಟು ಬಂದಿದ್ದ. ವಿಜಯ ಅವನ ಮುಖ ನೋಡಿ ಕನಿಕರಪಟ್ಟು ಒಂದು ತಟ್ಟೆ ಶಿರಾ ತಂದಿಟ್ಟ. ಪೂಜೆಯ ಪ್ರಸಾದ, ಬೇಡ ಎನ್ನುವಂತಿಲ್ಲ. ಅಳುವಂತಾಗಿದ್ದರೂ ಗುರುಸಿದ್ದ ಶಿರಾ ತಿಂದ, ಗೋಡೆಯ ಮೇಲಿನ ಅಣ್ಣಾಸಾಹೇಬರನ್ನು ಮೊಬೈಲಿನಲ್ಲಿ ಹಿಡಿದುಕೊಂಡ, ಬಂದ ದಾರಿಗೇ ಹೊರಳಿದ.

ಸಂಘದ ಮುಂದೆ ಬೈಕು ನಿಲ್ಲಿಸಿದಾಗ ಹನ್ನೊಂದೂವರೆ. ಒಳಗೆ ಮಂದಿ ತುಂಬಿದ್ದರು. ಅವರನ್ನು ಸರಿಸಿಕೊಂಡು ವೇದಿಕೆಯ ಹತ್ತಿರ ಹೋದ.

ಲಂಡನ್ ಪ್ರದರ್ಶನಕ್ಕೆ ಪೂಜೆಯಾಗಿತ್ತು. ಚೌಕಟ್ಟಿಗೆ ಮೊಳಕೈ ದಪ್ಪದ ಮಾಲೆ. ಟೊಪ್ಪಿಗೆಯ ಗಂಡಸರ ನೆತ್ತಿಯ ಮೇಲೆ ಅಡ್ಡಲಾಗಿ ವಿಭೂತಿಯ ಮೂರು ಗೆರೆ. ಒಂದೊಂದು ಯಂತ್ರದ ಮೇಲೂ ಕುಂಕುಮದ ಬೊಟ್ಟು. ಮುಂದೆ ಒಡೆದ ತೆಂಗಿನಕಾಯಿ.

"ಏನ ಮಾಡಿದಿ ಪರಸಪ್ಪ?"

"ತಯಾರ ಮಾಡು ಅಂದ್ರಲ್ರಿ. ನೇಕಾರರ ಸಂಘದಾಗ ಯಂತ್ರಕ್ಕ ಕುಂಕುಮ ಇಲ್ಲದ ಇಡಾಕ ಬರತೈತೇನ್ರಿ? ಹನ್ನೆರಡ ಅದಾವು, ಎಣಿಸಿ ಹಚ್ಚೀನಿ."

ಅಷ್ಟರಲ್ಲಿ ಅಧ್ಯಕ್ಷ ಹೊಳಬಸಪ್ಪನವರು ಗುರುಸಿದ್ದನ ತೋಳು ಹಿಡಿದು ಚಿತ್ರದ ಬಳಿ ಎಳೆದರು. ಮಂದಿಗೆ ಕಾಣಲೆಂದು ತುಟಿಯಲ್ಲಿ ನಗೆಯಿತ್ತು, ದನಿಯಲ್ಲಿರಲಿಲ್ಲ. "ಗುರುಸಿದ್ದ, ಇದರಾಗ ಅಣ್ಣಾಸಾಹೇಬರು ಎಲ್ಲಿ ಅದಾರ?"

ಖರೆ ಹೇಳಿದರೆ ಕುರ್ಚಿ ಹೋಗುತ್ತದೆ. ಗುರುಸಿದ್ದನ ಕಣ್ಣು ಚಿತ್ರದ ತುಂಬ ಓಡಾಡಿ, ಎಡಮೂಲೆಯ ಒಂದು ಕಂಬದ ಪಕ್ಕ ಗಕ್ಕನೆ ನಿಂತಿತು. ಅಲ್ಲಿ ಟೊಪ್ಪಿಗೆಗಳ ನಡುವೆ ಒಬ್ಬ ರುಮಾಲಿನವನಿದ್ದ. ಯಾವ ದೇಶದವನೋ, ಯಾರ ಜೊತೆ ಬಂದವನೋ, ಪಾಪ, ಯಂತ್ರ ನೋಡುತ್ತ ನಿಂತಿದ್ದ.

"ಇಲ್ಲಿ ಅದಾರ್ರಿ," ಎಂದು ಬೆರಳಿಟ್ಟ. "ಲಂಡನ್ನಿಗೆ ಹೋದಾಗಿಂದು. ಅಪರೂಪದ್ದು. ಎಪ್ಪತ್ತೈದು ತುಂಬಿದ್ದಕ್ಕ ಅಂತ ಹುಡುಕಿ ತಂದೀನಿ."

ಹೊಳಬಸಪ್ಪನವರು ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು. "ಹೌದಲೇ, ಅದ ಗತ್ತು." ಅಲ್ಲಿಂದ ನೇರ ಮೈಕಿಗೆ ಹೋದರು. "ಬಂಧುಗಳೇ, ನಮ್ಮ ಅಣ್ಣಾಸಾಹೇಬರು ಸಮುದ್ರ ದಾಟಿ ಲಂಡನ್ನಿಗೆ ಹೋಗಿ, ಅಲ್ಲಿಯ ಯಂತ್ರಗಳನ್ನು ಕಣ್ಣಾರೆ ಕಂಡು ಬಂದು ಈ ಸಂಘ ಕಟ್ಟಿದವರು..."

ಚಪ್ಪಾಳೆ ಬಿತ್ತು. ಸಂಸ್ಥಾಪಕರ ದರ್ಶನಕ್ಕೆ ಸಾಲು ನಿಂತಿತು. ಒಬ್ಬೊಬ್ಬರೇ ಬಂದು ಗಾಜಿಗೆ ಮೂಗು ಹಚ್ಚಿ ಹುಡುಕಿದರು. ಒಬ್ಬನಿಗೆ ಅಣ್ಣಾಸಾಹೇಬರು ಮಹಡಿಯ ಮೇಲೆ ಕಂಡರು, ಇನ್ನೊಬ್ಬನಿಗೆ ದೊಡ್ಡ ಗಾಲಿಯ ಹಿಂದೆ. ಸಂಘದ ಕಸ ಹೊಡೆಯುವ ತಾರವ್ವ ಬಣವೆ ಲಂಗದ ಒಬ್ಬಾಕೆಯ ಮೇಲೆ ಬೆರಳಿಟ್ಟು, "ಇವರು ಅವರ ಮನಿಯವರ ಇರಬೇಕು, ಜೋಡಿಲೆ ಹೋಗ್ಯಾರ" ಎಂದು ಕೈ ಮುಗಿದಳು. ತನಗೆ ಕಾಣಲಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಇಷ್ಟು ಜನ ನೋಡಿದ್ದನ್ನು ಕಂಡು ಗುರುಸಿದ್ದನಿಗೇ ಅನುಮಾನ ಶುರುವಾಯಿತು. ಹೋಗಿದ್ದರೂ ಹೋಗಿರಬಹುದು, ಯಾರು ಕಂಡಾರು.

ಕಾವೇರಿ ಬೆನ್ನ ಹಿಂದಿನಿಂದ ಪಿಸುಗುಟ್ಟಿದಳು. "ಸರ್, ಅಣ್ಣಾಸಾಹೇಬರು ಹುಟ್ಟಿದ್ದು ಹತ್ತೊಂಬತ್ತನೂರಾ ಹತ್ತರಾಗ. ಇಲ್ಲಿ ಹದಿನೆಂಟನೂರಾ ಐವತ್ತೊಂದು ಅಂತ ಐತಿ. ಹುಟ್ಟೂಕಿಂತ ಐವತ್ತೊಂಬತ್ತ ವರ್ಷ ಮೊದಲ ಹೋಗಿದ್ರೇನ್ರಿ?"

ಗುರುಸಿದ್ದ ಮಾಲೆಯನ್ನು ಎರಡು ಬೆರಳು ಕೆಳಗೆ ಎಳೆದ. ಇಸವಿ ಚೆಂಡುಹೂವಿನಲ್ಲಿ ಮುಳುಗಿತು.

ಕೊನೆಗೆ ರತ್ನಾಬಾಯಿಯ ಸರದಿ ಬಂತು. ಎಂಬತ್ತೈದರ ಮುದುಕಿ, ಹಸಿರು ಇಳಕಲ್ ಸೀರೆ, ಕೈಯಲ್ಲಿ ಕೋಲು. ಆಕೆ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಗುರುಸಿದ್ದನ ಇಪ್ಪತ್ತೆರಡು ವರ್ಷ ಆ ಮುದುಕಿಯ ಕನ್ನಡಕದ ತುದಿಯಲ್ಲಿ ನಿಂತಿತ್ತು.

ಆಕೆ ಮೈಕು ಕೇಳಿ ಇಸಿದುಕೊಂಡಳು. "ನಮ್ಮಪ್ಪ ಮೀರಜ ದಾಟಿ ಹೋದಾವಲ್ಲ. ರೈಲ ಹತ್ತಿದ್ರ ವಾಂತಿ ಮಾಡಕೋತಿದ್ದ."

ಮುಂದಿನ ಸಾಲಿನವರು ಹೊಳಬಸಪ್ಪನವರ ಕಡೆ ತಿರುಗಿದರು.

"ಮತ್ತ ಈ ಯಂತ್ರಗೋಳು. ಇವು ಬಂದಾವು ಅಂತನ ನಮ್ಮಪ್ಪ ಸಂಘ ಕಟ್ಟಿದ್ದು. ಯಂತ್ರ ಬಂದ್ರ ಕೈಮಗ್ಗ ಸಾಯತೈತಿ, ಒಂದಾಗ್ರಿ ಅಂತ ಮನಿಮನಿ ತಿರಗ್ಯಾನ. ನೀವು ಅವನ್ನ ತಂದು ಕುರ್ಚಿ ಮ್ಯಾಲೆ ಕುಂದ್ರಿಸಿ ಕುಂಕುಮ ಹಚ್ಚೀರಿ. ಇರಲಿ ಬಿಡ್ರಿ. ನಿಮ್ಮ ಎಲ್ಲಾರ ಮನ್ಯಾಗೂ ಈಗ ಪವರಲೂಮ ಐತಿ, ನಮ್ಮ ಮನ್ಯಾಗೂ ಐತಿ."

ಸದಸ್ಯರೆಲ್ಲ ನೆಲ ನೋಡಿದರು. ಹೊಳಬಸಪ್ಪನವರು ಗುರುಸಿದ್ದನನ್ನು ನೋಡಿದರು. ಇನ್ನು ಬಚ್ಚಿಟ್ಟು ಲಾಭವಿಲ್ಲ. ಗುರುಸಿದ್ದ ಹಲ್ಲಿಯಿಂದ ಶಿರಾದವರೆಗೆ ಎಲ್ಲವನ್ನೂ ಒದರಿಬಿಟ್ಟು, ಮೊಬೈಲು ತೆಗೆದು ರತ್ನಾಬಾಯಿಯ ಮುಂದೆ ಹಿಡಿದ. "ಅವ್ವಾರ, ನಿಮ್ಮ ತಂದಿಯವರ ಖರೆ ಫೋಟೋ ಇಲ್ಲಿ ಐತ್ರಿ. ಮುಧೋಳದಾಗ ಸುರಕ್ಷಿತ ಅದಾರ. ಸಂಜೀಕ ತರತೀನಿ."

ರತ್ನಾಬಾಯಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡಿದಳು.

"ಇವ ಯಾರ ತಮ್ಮಾ?"

"ಅಣ್ಣಾಸಾಹೇಬರ್ರಿ."

"ನಮ್ಮಪ್ಪ ಜೀವಮಾನದಾಗ ಒಂದ ಫೋಟೋ ತಗಿಸಿಕೊಂಡಾವಲ್ಲ. ಫೋಟೋ ತಗಿಸಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತಿದ್ದ. ಮೀಸಿ ಅಂತೂ ಇರಲೇ ಇಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ನಲವತ್ತು ವರ್ಷದಿಂದ ಕೈ ಮುಗಿದವರೆಲ್ಲ ಒಬ್ಬರನ್ನೊಬ್ಬರು ನೋಡಿದರು. ಆಗ ಮೂಲೆಯಲ್ಲಿ ಕಾಯಿಯ ಚೂರು ಆರಿಸುತ್ತಿದ್ದ ಪರಸಪ್ಪ ತಲೆಯೆತ್ತಿದ.

"ಅದು ಜಮಖಂಡಿ ಸ್ಟುಡಿಯೋದಾಗಿಂದ್ರಿ. ನಾನ ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟ್ಕೊಂಡ ತಂದೀನಿ, ನೌಕರಿಗೆ ಸೇರಿದ ವರ್ಷ. ಅಣ್ಣಾಸಾಹೇಬರ ಫೋಟೋ ಎಲ್ಲೂ ಸಿಗಲಿಲ್ಲ. ಯಾರೋ ತಗಿಸಿ, ಒಯ್ಯದ ಬಿಟ್ಟ ಹೋಗಿದ್ದು ಒಂದಿತ್ತು. ಆಗಿನ ಅಧ್ಯಕ್ಷರು ನೋಡಿ 'ಹೌದು, ಅದ ಗತ್ತು' ಅಂದ್ರು. ಅವರು ಅಂದಮ್ಯಾಲೆ ಎಲ್ಲಾರೂ ಅಂದ್ರು."

"ನಲವತ್ತ ವರ್ಷ ಬಾಯಿ ಯಾಕ ಬಿಡಲಿಲ್ಲೋ?" ಎಂದು ಹೊಳಬಸಪ್ಪನವರು ರೇಗಿದರು.

"ನನ್ನ ಯಾರ ಕೇಳೀರಿ?"

ಮೊದಲು ನಕ್ಕವಳು ರತ್ನಾಬಾಯಿ. ಆಕೆ ನಕ್ಕ ಮೇಲೆ ಸಭೆಯೆಲ್ಲ ನಕ್ಕಿತು. ಊಟಕ್ಕೆ ಎಲೆ ಹಾಕಿದರು. ಹೊಳಬಸಪ್ಪನವರು ಬೆವರು ಒರೆಸಿಕೊಂಡು ಗುರುಸಿದ್ದನನ್ನು ತಮ್ಮ ಕೋಣೆಗೆ ಕರೆದರು. ಆಮೇಲೆ ಕಿಸೆಯಿಂದ ಟೈಪು ಮಾಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಕಾರ್ಯದರ್ಶಿ ನೇಮಕದ ಆದೇಶ.

"ನೋಡು ಗುರುಸಿದ್ದ. ಅದು ಅಣ್ಣಾಸಾಹೇಬರದ ಅಲ್ಲ ಅಂದಮ್ಯಾಲೆ, ಅಣ್ಣಾಸಾಹೇಬರನ್ನ ನೀ ಕಳದಂಗೂ ಆಗಲಿಲ್ಲ. ರತ್ನಾಬಾಯಾರೂ ನಕ್ಕಾರ. ಸಹಿ ಮಾಡತೀನಿ. ಆದ್ರ ಒಂದ ಮಾತ. ಆ ಫೋಟೋದಾತನ ಮನಿತನದವರು ಯಾರರೆ ಬಂದು 'ನಮ್ಮ ಹಿರಿಯರನ್ನ ಯಾಕ ಇಟ್ಟಿದ್ರಿ' ಅಂತ ಬಾಗಿಲದಾಗ ಗದ್ದಲಾ ಮಾಡಿದ್ರ, ಈ ಹಾಳಿ ಹರದ ಒಗಿತೀನಿ."

ಗುರುಸಿದ್ದನ ಎದೆಯ ಮೇಲಿನ ಕಲ್ಲು ಇಳಿಯಿತು. "ಎಲ್ಲಿಂದ ಬರತಾರ್ರಿ? ಆತ ಸತ್ತು ಎಷ್ಟ ವರ್ಷ ಆಗೇತೋ, ಪಾಪ. ನಾವು ಹಾಕಿದ ಮಾಲಿಯಿಂದ ಆತಗೂ ಪುಣ್ಯ ಬಂತು ಬಿಡ್ರಿ."

ಹೊಳಬಸಪ್ಪನವರು ಪೆನ್ನಿನ ಟೊಪ್ಪಿಗೆ ತೆಗೆದರು. ಗುರುಸಿದ್ದನ ಫೋನು ಹೊಡೆದುಕೊಂಡಿತು. ಶಿವಗಂಗವ್ವ.

"ಏನ್ರಿ, ಮುಧೋಳದಾಗ ಹೊಸಾ ಹೋಟೆಲಿಗೆ ಬಂದಿದ್ರೇನು ಮುಂಜಾನೆ?"

"ಬಂದಿದ್ನಿ. ಯಾಕ?"

"ದವಾಖಾನಿ ಮುಗಿಸಿ ಚಾ ಕುಡಿಯೂಣು ಅಂತ ನಾವೂ ಅಲ್ಲೇ ಹೋಗಿದ್ವಿ. ಅಪ್ಪ ತಲಿ ಎತ್ತಿ ನೋಡತಾನ, ಗ್ವಾಡಿ ಮ್ಯಾಲೆ ತಾನ ಅದಾನ. ಕೊಳ್ಳಾಗ ಮಾಲಿ, ಮುಂದ ಊದಿನಕಡ್ಡಿ. ಲಗ್ನ ಆದ ಹೊಸತರಾಗ ಜಮಖಂಡ್ಯಾಗ ತಗಿಸಿದ್ದಂತ. ಹೊಳ್ಳಿ ಹೋಗಿ ಒಯ್ಯೂದು ಆಗಿರಲಿಲ್ಲಂತ."

ಗುರುಸಿದ್ದನ ಕಣ್ಣ ಮುಂದೆ ಆ ಕರಿ ಮೀಸೆ, ಆ ರುಮಾಲು ತೇಲಿಬಂದವು. ಮೀಸೆ ಅಳಿಸಿ, ರುಮಾಲು ಇಳಿಸಿ, ಹಲ್ಲು ಕಿತ್ತು ನೋಡಿದ. ಮಾವ.

"ಬದುಕಿದ್ದವರ ಫೋಟೋಕ್ಕ ಯಾರ ಮಾಲಿ ಹಾಕಿದ್ದು ಅಂತ ಅಪ್ಪ ಕೇಳಿದ. ಬನಹಟ್ಟಿ ಗುರುಸಿದ್ದ ಅನ್ನಾವರು ಬಂದಿದ್ರು, ಇವರು ಸತ್ತು ನಲವತ್ತ ವರ್ಷ ಆತು, ಇಪ್ಪತ್ತೆರಡ ವರ್ಷ ನಾನ ಕೈಯಾರೆ ಮಾಲಿ ಹಾಕೀನಿ ಅಂತ ಹೇಳಿ ಹೋದ್ರು ಅಂದ್ರು ಮಾಲೀಕರು. ವರ್ಷಾ ವರ್ಷಾ ಜ್ವರ ಎಲ್ಲಿಂದ ಬರತಿದ್ದುವು ಅಂತ ಈಗ ತಿಳೀತು ಅಂತಾನ ಅಪ್ಪ."

"ಈಗ ಜ್ವರ ಹೆಂಗ ಅದಾವು?" ಎಂದ ಗುರುಸಿದ್ದ.

"ಸಿಟ್ಟಿಗೆ ಇಳದಾವು. ಪೂಜಿ ಆದ ಫೋಟೋ ಇಳಸಾಕ ಬರೂದಿಲ್ಲ ಅಂದ್ರೂ ಕೇಳಲಿಲ್ಲ, ತಾನ ಕುರ್ಚಿ ಹತ್ತಿ ಇಳಿಸಿದ. ತೊಡಿ ಮ್ಯಾಲೆ ಇಟ್ಕೊಂಡ ಕುಂತಾನ. ಮಾಲಿ ತಗೀಬ್ಯಾಡ್ರಿ, ಮೊದಲ ಅಳ್ಯಾಗ ತೋರಸಬೇಕು ಅನ್ನಾಕತ್ತಾನ. ಬರಾಕತ್ತೀವಿ ನಿಮ್ಮ ಸಂಘಕ್ಕ. ಕಾರ ಮಹಾಲಿಂಗಪುರ ದಾಟೇತಿ."

ಫೋನು ಕಟ್ಟಾಯಿತು. ಹೊಳಬಸಪ್ಪನವರ ಪೆನ್ನಿನ ಮೊನೆ ಹಾಳೆಗೆ ತಾಗಿಯೂ ತಾಗದಂತೆ ನಿಂತಿತ್ತು.

"ಯಾರ ಫೋನು?"

ಗುರುಸಿದ್ದ ಗೋಡೆಯ ಖಾಲಿ ಮೊಳೆಯನ್ನು ನೋಡಿದ. ಅಲ್ಲಿ ಹಲ್ಲಿ ಕುಳಿತು ಅವನನ್ನೇ ನೋಡುತ್ತಿತ್ತು.

"ಅಣ್ಣಾಸಾಹೇಬರು ಬರಾಕತ್ತಾರ್ರಿ," ಎಂದ.

ಬಾಗಿಲಲ್ಲಿ ಪರಸಪ್ಪ ಹೂವಿನ ಬುಟ್ಟಿ ಹಿಡಿದು ನಿಂತಿದ್ದ. "ಮಾಲಿ ಒಂದ ಉಳದೈತ್ರಿ," ಎಂದ. "ಕೊಳ್ಳಾಗ ಹಾಕೂದೋ, ಫೋಟೋಕ್ಕ ಹಾಕೂದೋ?"